ಪದಚರ್ಚೆ: ಉಪಗ್ರಹ, ಡ್ರೋನ್‌ಗಳಿಂದ ಹರಡುವ ಮೊಬೈಲ್ ಜಾಲಕ್ಕೆ ಯಾವ ಹೆಸರು?

ಮಾನ್ಯರೇ,

ಮೊಬೈಲ್ ಸಂಪರ್ಕವನ್ನು ನೆಲದ ಗೋಪುರಗಳಿಂದಲ್ಲದೆ ಉಪಗ್ರಹ, ಬಲೂನು, ಮಾನವರಹಿತ ವಿಮಾನ ಮತ್ತು ಡ್ರೋನ್‌ಗಳಿಂದ ಒದಗಿಸುವ ವ್ಯವಸ್ಥೆಯನ್ನು ಇಂಗ್ಲಿಷಿನಲ್ಲಿ ‘ನಾನ್-ಟೆರೆಸ್ಟ್ರಿಯಲ್ ನೆಟ್‌ವರ್ಕ್’ ಎನ್ನುತ್ತಾರೆ. 5ಜಿ ಮಾನದಂಡಗಳನ್ನು ರೂಪಿಸುವ 3ಜಿಪಿಪಿ ಒಕ್ಕೂಟವು 2022ರಲ್ಲಿ ಪೂರ್ಣಗೊಂಡ ತನ್ನ 17ನೆಯ ಬಿಡುಗಡೆಯಲ್ಲಿ (ರಿಲೀಸ್, ಅಂದರೆ ಮಾನದಂಡಗಳ ಕಂತು) ಇದಕ್ಕೆ ಬೇಕಾದ ನಿಯಮಗಳನ್ನು ಮೊದಲ ಬಾರಿಗೆ ಸೇರಿಸಿತು. 6ಜಿಯಲ್ಲಿ ಇದು ಆರಂಭದಿಂದಲೇ ಜಾಲದ ಅಂಗವಾಗಿರಬೇಕೆಂಬುದು ತಜ್ಞರ ಆಶಯ. ಕನ್ನಡದಲ್ಲಿ ಇದರ ಬಗ್ಗೆ ಬರೆಯುವಾಗ ಬಳಸಬಹುದಾದ ಪದಗಳ ಕುರಿತು ಬಲ್ಲವರ ಅಭಿಪ್ರಾಯ ಕೋರಿ ಈ ಟಿಪ್ಪಣಿ.

ಮೊದಲಿಗೆ ಹೊಳೆಯುವ ‘ಭೂಮ್ಯತೀತ ಜಾಲ’ವನ್ನು ಕೈಬಿಡುವುದು ಲೇಸು, ಏಕೆಂದರೆ ಆ ವಿಶೇಷಣ ಓದುಗರನ್ನು ನೇರವಾಗಿ ಅನ್ಯಗ್ರಹ ಜೀವಿಗಳ ಕಡೆಗೆ ಕೊಂಡೊಯ್ಯುತ್ತದೆ. ‘ಸರ್ಕಾರೇತರ’ದ ಮಾದರಿಯಲ್ಲಿ ‘ಭೂಮ್ಯೇತರ’ ಎಂದರೆ ಸಂಧಿಯೇ ತಪ್ಪುತ್ತದೆ: ಸರ್ಕಾರ ಎಂಬಲ್ಲಿ ಕೊನೆಯ ಸ್ವರ ಅಕಾರವಾದ್ದರಿಂದ ಗುಣಸಂಧಿಯಾಗಿ ಏಕಾರ ಬಂದಿದೆ, ಭೂಮಿ ಮತ್ತು ಇತರ ಸೇರಿದಾಗ ಸವರ್ಣದೀರ್ಘವಾಗಿ ‘ಭೂಮೀತರ’ ಎಂದಾಗಬೇಕು. ವ್ಯಾಕರಣಕ್ಕೆ ಸರಿಯಾದರೂ ಈ ರೂಪ ಕಿವಿಗೆ ಅಪರಿಚಿತ. ‘ನೆಲೇತರ’ ಕನ್ನಡ ಪದಕ್ಕೆ ಸಂಸ್ಕೃತ ಪದ ಬೆರೆತ ಅರಿಸಮಾಸ, ಆ ದೋಷವನ್ನು ಇಂದು ಯಾರೂ ಅಷ್ಟು ಗಂಭೀರವಾಗಿ ಎಣಿಸುವುದಿಲ್ಲ (ಎಣಿಸುವುದಾದರೆ ನಾನು ಮುಂದೆ ಸೂಚಿಸಲಿರುವ ಪದವೂ ಉಳಿಯದು), ಆದರೆ ನೆಲವಲ್ಲದ್ದು ಎಂದಷ್ಟೇ ಹೇಳಿ ಅದು ಏನೆಂಬುದನ್ನು ಹೇಳದೆ ಬಿಡುವ ಪದ ಸಾಮಾನ್ಯ ಓದುಗರಿಗೆ ಒದಗುವುದು ಕಷ್ಟ.

‘ಬಾಹ್ಯಾಕಾಶ ಜಾಲ’ ಎಂಬುದು ಕೇಳಲು ಸೊಗಸಾಗಿದ್ದರೂ ಅರ್ಥವ್ಯಾಪ್ತಿಯಲ್ಲಿ ಸೋಲುತ್ತದೆ. 3ಜಿಪಿಪಿಯ ಅಧ್ಯಯನ ವರದಿಯು ಉಪಗ್ರಹಗಳ ಜೊತೆಗೆ 8ರಿಂದ 50 ಕಿ.ಮೀ. ಎತ್ತರದಲ್ಲಿ ಹಾರುವ ವಾಹನಗಳನ್ನೂ ಈ ವರ್ಗದಲ್ಲಿ ಸೇರಿಸಿದೆ. ಸಂಶೋಧಕರು ಇನ್ನೂ ಕೆಳಗೆ ಹಾರುವ ಡ್ರೋನ್‌ಗಳನ್ನೂ ಸೇರಿಸಿಕೊಳ್ಳುತ್ತಾರೆ. ಬಾಹ್ಯಾಕಾಶದ ಗಡಿಯೆಂದು ಸಾಮಾನ್ಯವಾಗಿ ಒಪ್ಪಿಕೊಂಡಿರುವುದು 100 ಕಿ.ಮೀ. 2017ರಲ್ಲಿ ಮರಿಯಾ ಚಂಡಮಾರುತ ಪೋರ್ಟೊ ರಿಕೊ ದ್ವೀಪದ ಮೊಬೈಲ್ ಗೋಪುರಗಳನ್ನು ಉರುಳಿಸಿದಾಗ ಅಲ್ಲಿ ಸಂಪರ್ಕ ಒದಗಿಸಿದ ಲೂನ್ ಯೋಜನೆಯ ಬಲೂನುಗಳು ತೇಲುತ್ತಿದ್ದುದು ಸುಮಾರು 20 ಕಿ.ಮೀ. ಎತ್ತರದಲ್ಲಿ, ಅಂದರೆ ನಮ್ಮ ಪಠ್ಯಪುಸ್ತಕಗಳು ಸಮೋಷ್ಣ ಮಂಡಲ ಎಂದು ಕರೆಯುವ ಸ್ತರದಲ್ಲಿ. ಆ ಮಂಡಲದ ಮೇಲ್ಭಾಗದಲ್ಲಿ ಉಷ್ಣತೆ ಏರುತ್ತ ಹೋಗುವುದರಿಂದ ‘ಸಮೋಷ್ಣ’ ಎಂಬ ಹೆಸರು ಅಲ್ಲಿಗೆ ಒಪ್ಪುವುದಿಲ್ಲ. ಈ ಬಲೂನುಗಳು ತೇಲುತ್ತಿದ್ದ ಕೆಳಸ್ತರಕ್ಕೆ ಮಾತ್ರ ಅದು ಚೆನ್ನಾಗಿಯೇ ಒಪ್ಪುತ್ತದೆ.

ಹೀಗಾಗಿ ‘ಬಾನ್‌ಜಾಲ’ ಎಂಬ ಪದವನ್ನು ಸೂಚಿಸುತ್ತೇನೆ. ಬಾನು ಎಂಬುದಕ್ಕೆ ಮೇಲಿನ ಗಡಿಯಿಲ್ಲ. ಡ್ರೋನ್ ಹಾರುವುದೂ ಬಾನಿನಲ್ಲೇ, ಉಪಗ್ರಹ ಸುತ್ತುವುದೂ ಬಾನಿನಲ್ಲೇ. ಇದಕ್ಕೆ ಒಂದು ಆಕ್ಷೇಪ ಬರಬಹುದು: ವಿಮಾನದ ಪ್ರಯಾಣಿಕರಿಗೆ ನೆಲದ ಗೋಪುರಗಳಿಂದಲೇ ಅಂತರ್ಜಾಲ ಒದಗಿಸುವ ವ್ಯವಸ್ಥೆಗಳಿವೆ, ಅವೂ ಬಾನ್‌ಜಾಲವೇ ಎಂದು. ಅಲ್ಲ ಎಂಬುದು ನನ್ನ ಉತ್ತರ. ಜಾಲಕ್ಕೆ ಹೆಸರು ಕೊಡಬೇಕಾದದ್ದು ಬಳಕೆದಾರ ಇರುವ ಜಾಗವಲ್ಲ, ಸಂಕೇತವನ್ನು ಬಿತ್ತರಿಸುವ ಉಪಕರಣ ಇರುವ ಜಾಗ. (ಆ ಅಳತೆಯಿಂದ ನೋಡಿದರೆ, ನೆಲದ ಗೋಪುರದಿಂದ ಹೊರಟ ದನಿಗೆ ನಾವು ‘ಆಕಾಶವಾಣಿ’ ಎಂದು ಹೆಸರಿಟ್ಟದ್ದು ಸ್ವಲ್ಪ ಅವಸರವೇ ಆಯಿತು.)

ನಿಜವಾದ ತೊಡಕು ಇರುವುದು ‘ಡ್ರೋನ್ ಸಂಪರ್ಕ’ ಎಂಬ ಸಮಾಸದಲ್ಲಿ. ಇದನ್ನು ಬಿಡಿಸುವಾಗ ‘ಡ್ರೋನಿಗೆ ಸಂಪರ್ಕ’ ಎಂದು ಚತುರ್ಥಿ ಹಿಡಿಯಬೇಕೋ ‘ಡ್ರೋನಿನಿಂದ ಸಂಪರ್ಕ’ ಎಂದು ತೃತೀಯೆ ಹಿಡಿಯಬೇಕೋ ಎಂಬುದು ಸಂದರ್ಭವಿಲ್ಲದೆ ತಿಳಿಯುವುದಿಲ್ಲ, ಮತ್ತು ಎರಡೂ ವಾಸ್ತವದಲ್ಲಿವೆ. ಮೊದಲನೆಯದರಲ್ಲಿ ಡ್ರೋನ್ ಒಬ್ಬ ಗ್ರಾಹಕ: ಅದು ಫೋನಿನಂತೆ ನೆಲದ ಗೋಪುರದೊಡನೆ ಮಾತನಾಡುತ್ತದೆ, 3ಜಿಪಿಪಿಯ 15ನೆಯ ಬಿಡುಗಡೆಯೇ 4ಜಿ ಜಾಲಗಳಲ್ಲಿ ಇದಕ್ಕೆ ಅನುವು ಮಾಡಿಕೊಟ್ಟಿತ್ತು. ಎರಡನೆಯದರಲ್ಲಿ ಡ್ರೋನೇ ಗೋಪುರ. ಎರಡನ್ನೂ ಒಂದೇ ಪದದಲ್ಲಿ ಹೇಳಿದರೆ ಸುರಕ್ಷತೆ, ತರಂಗಾಂತರ, ಪರವಾನಗಿ ಯಾವುದರ ಚರ್ಚೆಯೂ ನೆಟ್ಟಗಾಗದು. ಆದ್ದರಿಂದ ಎರಡನೆಯದಕ್ಕೆ ‘ಡ್ರೋನ್ ಗೋಪುರ’ ಎಂದೂ, ಮೊದಲನೆಯದಕ್ಕೆ ವಿಭಕ್ತಿಯನ್ನು ಉಳಿಸಿಕೊಂಡು ‘ಡ್ರೋನಿಗೆ ಮೊಬೈಲ್ ಸಂಪರ್ಕ’ ಎಂದೂ ಬರೆಯುವುದು ಒಳ್ಳೆಯದು; ಸಮಾಸ ಮಾಡದೆ ಬಿಡುವುದೇ ಕೆಲವೊಮ್ಮೆ ಸ್ಪಷ್ಟತೆಯ ದಾರಿ. ಬ್ಯಾಟರಿಯಿಂದ ಹಾರುವ ಸಣ್ಣ ಡ್ರೋನ್ ಹೆಚ್ಚು ಹೊತ್ತು ಗಾಳಿಯಲ್ಲಿ ನಿಲ್ಲಲಾರದಾದ್ದರಿಂದ, ವಿದ್ಯುತ್ತನ್ನೂ ದತ್ತಾಂಶವನ್ನೂ ಹೊತ್ತ ಕೇಬಲ್ಲಿನಿಂದ ಅದನ್ನು ನೆಲಕ್ಕೆ ಕಟ್ಟಿ ಹಾರಿಸುವುದುಂಟು: ನಿಸ್ತಂತು ಸೇವೆಯ ಗೋಪುರವೇ ತಂತುವಿಗೆ ಕಟ್ಟುಬೀಳುವ ಈ ಸ್ಥಿತಿಗೆ ‘ಕಟ್ಟುಡ್ರೋನ್’ ಎನ್ನಬಹುದೇ?

ಇನ್ನೊಂದು ಘರ್ಷಣೆ ‘ಭೂಸ್ಥಿರ’ ಎಂಬ ಪದದ್ದು. ಸಮಭಾಜಕದ ಮೇಲೆ ಸುಮಾರು 35,786 ಕಿ.ಮೀ. ಎತ್ತರದಲ್ಲಿ, ನೆಲದಿಂದ ನೋಡುವವರಿಗೆ ಅಲುಗದಂತೆ ಕಾಣುವ ಉಪಗ್ರಹಕ್ಕೆ ಈ ಪದ ಕನ್ನಡದಲ್ಲಿ ಆಗಲೇ ನೆಲೆಗೊಂಡಿದೆ. ಆದರೆ ಮೊಬೈಲ್ ಜಾಲಗಳಿಗೆ ಈಗ ಹೆಚ್ಚಾಗಿ ಬಳಸಲು ಹೊರಟಿರುವುದು ಕೆಲವು ನೂರು ಕಿ.ಮೀ. ಎತ್ತರದ ಕೆಳಕಕ್ಷೆಯಲ್ಲಿ, ಸೆಕೆಂಡಿಗೆ ಸುಮಾರು 7.5 ಕಿ.ಮೀ. ವೇಗದಲ್ಲಿ ಧಾವಿಸುವ ಉಪಗ್ರಹಗಳನ್ನು. ಅವು ನೆಲಕ್ಕೆ ಬಿಡುವ ರೇಡಿಯೋ ಕಿರಣ ಉಪಗ್ರಹದ ಜೊತೆಗೇ ಸರಿದರೆ, 50 ಕಿ.ಮೀ. ಅಗಲದ ಕಿರಣದ ಅಡಿಯಲ್ಲಿ ನಿಂತಲ್ಲೇ ನಿಂತ ಫೋನು ಸುಮಾರು 7 ಸೆಕೆಂಡಿನಲ್ಲಿ ಅದರ ಹೊರಗಾಗುತ್ತದೆ. ಇದನ್ನು ತಪ್ಪಿಸಲು, ಉಪಗ್ರಹ ಸಾಗುತ್ತಿದ್ದರೂ ಕಿರಣವನ್ನು ತಿರುಗಿಸುತ್ತ ಒಂದೇ ಪ್ರದೇಶದ ಮೇಲೆ ಕೆಲಕಾಲ ಹಿಡಿದಿಡುವ ಉಪಾಯವಿದೆ. ಇಂಗ್ಲಿಷಿನ ಪದವನ್ನು ಅನುಸರಿಸಿ ಇದನ್ನು ‘ಭೂಸ್ಥಿರ ಕಿರಣ’ ಎಂದರೆ, ಅದು ಭೂಸ್ಥಿರ ಉಪಗ್ರಹದಿಂದ ಬಂದ ಕಿರಣವೆಂದೇ ಓದುಗರು ತಿಳಿಯುವುದು ಸಹಜ, ಮತ್ತು ಅದು ಪೂರ್ತಿ ವಿರುದ್ಧಾರ್ಥ. ‘ನೆಲೆನಿಂತ ಕಿರಣ’, ‘ನೆಟ್ಟ ಕಿರಣ’ ಎಂಬ ಎರಡು ನನಗೆ ತೋಚಿವೆ. ನೆಟ್ಟ ನೋಟ ಎಂಬ ಬಳಕೆ ಇರುವುದರಿಂದ, ನೋಡುವವನು ಚಲಿಸುತ್ತಿದ್ದರೂ ದೃಷ್ಟಿ ಒಂದೆಡೆ ನಿಲ್ಲುವ ಅರ್ಥ ಎರಡನೆಯದರಲ್ಲಿ ತಾನಾಗಿ ಬರುತ್ತದೆ.

ಕೊನೆಯದಾಗಿ, ನೆಲದಿಂದ ಬಂದ ಸಂಕೇತದ ತರಂಗಾಂತರ ಬದಲಿಸಿ, ಬಲ ಹೆಚ್ಚಿಸಿ, ಒಳಗಿನದನ್ನು ಬಿಡಿಸಿ ನೋಡದೆ ಹಿಂದಿರುಗಿಸುವ ಉಪಗ್ರಹ ಉಪಕರಣವನ್ನು ಇಂಗ್ಲಿಷಿನಲ್ಲಿ ‘ಟ್ರಾನ್ಸ್‌ಪರೆಂಟ್’ ಎನ್ನುತ್ತಾರೆ. ‘ಪಾರದರ್ಶಕ’ ಎಂಬುದು ಕನ್ನಡದಲ್ಲಿ ಆಡಳಿತದ ಗುಣವಾಗಿ ಬೇರೂರಿರುವುದರಿಂದ ಇಲ್ಲಿ ಹೊಂದದು. ‘ದಾಟಿಸುವ ಉಪಕರಣ’ ಎಂದು ಇದನ್ನೂ, ಸಂಕೇತವನ್ನು ಬಿಡಿಸಿ ಮತ್ತೆ ಹೊಸದಾಗಿ ಕಟ್ಟಿ ಕಳಿಸುವ ಇನ್ನೊಂದು ಬಗೆಯನ್ನು ‘ಮರುಕಟ್ಟುವ ಉಪಕರಣ’ ಎಂದೂ ಕರೆಯಬಹುದೆಂದು ಭಾವಿಸಿದ್ದೇನೆ. ಇವಕ್ಕೆ ಈಗಾಗಲೇ ಬಳಕೆಯಲ್ಲಿರುವ ಪದಗಳು ದೂರಸಂಪರ್ಕ ಕ್ಷೇತ್ರದಲ್ಲಿ ದುಡಿಯುವ ಕನ್ನಡಿಗರ ಬಾಯಲ್ಲಿ ಇದ್ದರೆ, ಯಾವ ಸಂದರ್ಭದಲ್ಲಿ ಹೇಗೆ ಬಳಸುತ್ತಾರೆಂಬ ಒಂದೆರಡು ವಾಕ್ಯಗಳ ಸಹಿತ ತಿಳಿಸಬೇಕೆಂದು ವಿನಂತಿ.