ಷಟಲ್ ಓಟದಲ್ಲಿ ತೆಳ್ಳಗಿನ ಮಕ್ಕಳೂ ಎರಡನೇ ಹಂತಕ್ಕೇ ನಿಲ್ಲುತ್ತಿದ್ದಾರೆ, ಯಾಕೆ?

ಪೀಟಿ ಮೇಷ್ಟ್ರು:
10 ವರ್ಷದ ಆಸುಪಾಸಿನ 40 ಮಕ್ಕಳ ತರಗತಿ. 20 ಮೀಟರ್ ಬೀಪ್ ಟೆಸ್ಟ್ (ಪ್ರತಿ ಬೀಪ್ ಸದ್ದಿನೊಳಗೆ ಎದುರು ಗೆರೆ ಮುಟ್ಟುತ್ತಾ ಹೋಗಿ ಬಂದು ಓಡುವುದು, ಹಂತ ಏರಿದಂತೆ ಬೀಪ್ ಬೇಗ ಬರುತ್ತದೆ) ಮಾಡಿಸಿದರೆ ಅರ್ಧಕ್ಕರ್ಧ ಮಕ್ಕಳು ಎರಡನೇ ಹಂತ ದಾಟುವುದಿಲ್ಲ. ದಪ್ಪಗಿರುವವರು ಅದರಲ್ಲಿ ಕೆಲವರೇ, ಕಡ್ಡಿಯಂಥವರೂ ಏದುಸಿರು ಬಿಡುತ್ತಾರೆ. ವಾರಕ್ಕೆ 40 ನಿಮಿಷದ ಎರಡು ಆಟದ ಪೀರಿಯಡ್. ಬೆಳಗಿನದರಲ್ಲಂತೂ ಆಕಳಿಕೆಯೋ ಆಕಳಿಕೆ. ಟೆಸ್ಟ್ ತಪ್ಪೋ, ಮಕ್ಕಳ ದಮ್ಮೇ ಅಷ್ಟೋ? ತೂಕದ ಪಟ್ಟಿಯನ್ನೂ ಮಾಡಬೇಕಿದೆ.

ಸೀಟಿ:
ಮೊದಲು ಟೆಸ್ಟನ್ನೇ ಅನುಮಾನಿಸಿ ಸರ್. ಸಾಮಾನ್ಯವಾಗಿ ಬಳಸುವ ಆವೃತ್ತಿಯಲ್ಲಿ ಮೊದಲ ಹಂತದ ವೇಗ ಗಂಟೆಗೆ 8.5 ಕಿ.ಮೀ., ಆಮೇಲೆ ನಿಮಿಷಕ್ಕೊಮ್ಮೆ ಅರ್ಧ ಕಿ.ಮೀ. ಏರುತ್ತದೆ. ಅಂದರೆ ಶುರುವಿನಲ್ಲಿ 20 ಮೀಟರಿಗೆ ಸುಮಾರು ಎಂಟೂವರೆ ಸೆಕೆಂಡು ಸಿಗುತ್ತದೆ, ಹಗುರವಾಗಿ ಓಡಿದರೆ ಸಾಕು. ಮಕ್ಕಳು ರೇಸ್ ಅಂದುಕೊಂಡು ಐದು ಸೆಕೆಂಡಿಗೇ ಗೆರೆ ಮುಟ್ಟಿ, ನಿಂತು, ಮತ್ತೆ ಚಿಮ್ಮುತ್ತಾರೆ. ಹೀಗೆ ಏಳೆಂಟು ಸಲ ಚಿಮ್ಮಿದರೆ ಯಾರ ದಮ್ಮೂ ಉಳಿಯುವುದಿಲ್ಲ. ಮೊದಲ ಎರಡು ನಿಮಿಷ ನೀವೇ ಜೊತೆಗೆ ಓಡಿ, ನಿಮ್ಮನ್ನು ದಾಟಬಾರದು ಅನ್ನಿ.

ಎರಡನೆಯದು ತಿರುವು. ಗೆರೆಯಾಚೆ ಅರ್ಧ ಸುತ್ತು ಹಾಕಿ ಬಂದರೆ ಪ್ರತಿ ಸಲವೂ ದೂರ ಹೆಚ್ಚುತ್ತದೆ. ಒಂದು ಕಾಲು ಗೆರೆಯ ಮೇಲೆ ಊರಿ ಅಲ್ಲೇ ತಿರುಗುವುದನ್ನು ಟೆಸ್ಟಿನ ಹಿಂದಿನ ದಿನವೇ ಅಭ್ಯಾಸ ಮಾಡಿಸಿ. ದೂರವನ್ನು ಟೇಪ್ ಹಿಡಿದೇ ಅಳೆಯಿರಿ, ಹೆಜ್ಜೆ ಲೆಕ್ಕ ಬೇಡ. ಸತತ ಎರಡು ಬೀಪ್‌ಗೆ ಗೆರೆ ತಲುಪದಿದ್ದರೆ ಮಾತ್ರ ನಿಲ್ಲಿಸಿ.

ತಕ್ಕಡಿ:
ತೆಳ್ಳಗಿದ್ದವರಿಗೆಲ್ಲ ದಮ್ಮು ಇರಬೇಕು ಅನ್ನುವ ಎಣಿಕೆಯೇ ತಪ್ಪು. ದಮ್ಮಿನ ಪಟ್ಟಿ ಬೇರೆ, ತೂಕದ ಪಟ್ಟಿ ಬೇರೆ ಇಡಿ.

ತೂಕ ಅಳೆಯಲು ಬಿಎಂಐ, ಅಂದರೆ ಕೆ.ಜಿ. ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದ ಲೆಕ್ಕ ನೋಡುತ್ತಾರೆ; 25 ದಾಟಿದರೆ ಅಧಿಕ ತೂಕ ಅನ್ನುವ ದೊಡ್ಡವರ ಗೆರೆ ಇಲ್ಲಿ ನಡೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 5–19 ವರ್ಷದವರ ಬಿಎಂಐ ಪಟ್ಟಿಯಲ್ಲಿ ವಯಸ್ಸು, ಲಿಂಗ ನೋಡಿ ಓದಬೇಕು. ಸರಿಯಾಗಿ 10 ತುಂಬಿದ ಹುಡುಗ, 138 ಸೆಂ.ಮೀ., 38 ಕೆ.ಜಿ. ಅಂದುಕೊಳ್ಳಿ. 38ನ್ನು 1.38ರಿಂದ ಎರಡು ಸಲ ಭಾಗಿಸಿದರೆ ಸುಮಾರು 20. ಆ ವಯಸ್ಸಿನ ಹುಡುಗರಿಗೆ 18.5 ದಾಟಿದರೆ ಅಧಿಕ ತೂಕ, 21.4 ದಾಟಿದರೆ ಬೊಜ್ಜು. ಎತ್ತರವನ್ನು 2 ಸೆಂ.ಮೀ. ಕಡಿಮೆ ಬರೆದರೆ ಅದೇ ಹುಡುಗನ ಲೆಕ್ಕ 20.5ಕ್ಕೆ ಏರುತ್ತದೆ. ಆದ್ದರಿಂದ ಶೂ ಬಿಚ್ಚಿಸಿ, ಹಿಮ್ಮಡಿ ಗೋಡೆಗೆ ತಾಗಿಸಿ, ನೋಟ ನೇರ ಇಡಿಸಿ, ಜುಟ್ಟು ಬಿಚ್ಚಿಸಿ. ಒಬ್ಬೊಬ್ಬರನ್ನೇ ಕರೆದು ಅಳೆಯಿರಿ. ತರಗತಿಯೆದುರು ತೂಕ ಕೂಗಿ ಹೇಳುವ ಚಟ ಇನ್ನೂ ಕೆಲವು ಕಡೆ ಇದೆ, ದಯವಿಟ್ಟು ಬೇಡ.

ಮೈದಾನ:
5–17ರ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕು, ವಾರಕ್ಕೆ 420 ನಿಮಿಷ. ನಿಮ್ಮ ಎರಡು ಪೀರಿಯಡ್ ಪೂರ್ತಿ ಸಿಕ್ಕರೂ 80. ಅದರಲ್ಲಿ ಹಾಜರಿ, ಸಾಲು, ಸರದಿ ಕಾಯುವುದು ಎಷ್ಟು ತಿನ್ನುತ್ತದೆ ಅಂತ ಒಬ್ಬ ಮಗುವನ್ನೇ ಆರಿಸಿಕೊಂಡು ಸ್ಟಾಪ್‌ವಾಚ್ ಹಿಡಿದು ನೋಡಿ. 40 ಜನಕ್ಕೆ ಒಂದೇ ಚೆಂಡು ಬೇಡ, ಐದು ಚೆಂಡು, ನಾಲ್ಕು–ನಾಲ್ಕು ಜನರ ತಂಡ, ಚಿಕ್ಕ ಅಂಕಣ. ಔಟಾದವರು ಕೂರುವ ಆಟ ಬಿಡಿ, ಮೊದಲು ಔಟಾಗುವವರಿಗೇ ಓಟ ಹೆಚ್ಚು ಬೇಕಿರುತ್ತದೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು: ಅಷ್ಟು ದಣಿವಿದ್ದರೆ ಲೆಕ್ಕಕ್ಕೆ ಹಿಡಿಯಿರಿ.

ನಿದ್ದೆಗಣ್ಣು:
ಆಕಳಿಕೆಯನ್ನು ಯಾರೂ ಮುಟ್ಟಲಿಲ್ಲ. 6–12ರವರಿಗೆ 9ರಿಂದ 12 ಗಂಟೆ ನಿದ್ದೆ ಬೇಕು. 6ಕ್ಕೆ ಏಳುವ ಮಗು 9ಕ್ಕೆ ನಿದ್ದೆ ಹೋಗಿರಬೇಕು, ಅಂದರೆ ದೀಪ ಅದಕ್ಕೂ ಮೊದಲೇ ಆರಬೇಕು. ಪೋಷಕರು ಹೇಳುವುದು ಮಲಗಿದ ಹೊತ್ತು, ನಿದ್ದೆ ಬಂದ ಹೊತ್ತಲ್ಲ. ತಡವಾಗಿ ಮಲಗುವವರನ್ನು ಒಮ್ಮೆಲೇ ಒಂದು ಗಂಟೆ ಹಿಂದಕ್ಕೆ ತಂದರೆ ಹಾಸಿಗೆಯಲ್ಲಿ ಹೊರಳಾಡುತ್ತಾರೆ ಅಷ್ಟೆ. ಮೂರ್ನಾಲ್ಕು ದಿನಕ್ಕೊಮ್ಮೆ 15 ನಿಮಿಷ ಹಿಂದೆ ಸರಿಸಿ, ಏಳುವ ಸಮಯ ರಜೆಯಲ್ಲೂ ಬದಲಾಗದಿರಲಿ, ಫೋನ್ ಮಲಗುವ ಕೋಣೆಯ ಹೊರಗಿರಲಿ. ಹೆಚ್ಚಿನ ರಾತ್ರಿ ಗೊರಕೆ, ಬಾಯಲ್ಲಿ ಉಸಿರಾಟ, ನಡುವೆ ಉಸಿರು ನಿಂತಂತಾಗುವುದು ಇದ್ದರೆ ವೈದ್ಯರಿಗೆ ತೋರಿಸಲು ಹೇಳಿ.

ಪೀಟಿ ಮೇಷ್ಟ್ರು:
ತಿರುವು ಸರಿಯಿಲ್ಲ ಅನ್ನುವುದಂತೂ ನಿಜ. ಮತ್ತೆ ಯಾವಾಗ ಟೆಸ್ಟ್ ಮಾಡಲಿ?

ಸೀಟಿ:
ವೇಗ, ತಿರುವು ಕಲಿಸಿ ಮುಂದಿನ ವಾರವೇ ಒಮ್ಮೆ ಮಾಡಿ, ಅದನ್ನೇ ಮೊದಲ ಅಂಕ ಅನ್ನಿ. ಆಮೇಲೆ ಎಂಟು ವಾರ ಬಿಟ್ಟು ಅದೇ ನೆಲ, ಅದೇ ಹೊತ್ತಿನಲ್ಲಿ. ಓಡಿ ನಿಂತ ಐದು–ಹತ್ತು ನಿಮಿಷಕ್ಕೆ ಕೆಮ್ಮು, ಉಬ್ಬಸ ಬರುವವರ ಹೆಸರು ಪಕ್ಕಕ್ಕೆ ಬರೆದಿಡಿ, ಅದು ಬರೀ ದಮ್ಮಿನ ಕೊರತೆಯಲ್ಲ, ಆಸ್ತಮಾ ಇರಬಹುದು.