ಅಮ್ಮನ ಆಂಟಿ-ಸಿಸಿಪಿ 340 ಬಂದಿದೆ, ಹಾರ್ಟ್‌ಗೂ ತೊಂದರೆನಾ?

ತುಂಗಾತೀರ: ಅಮ್ಮನಿಗೆ 56 ವರ್ಷ. ಆರು ವರ್ಷದಿಂದ ರುಮಟಾಯ್ಡ್ ಆರ್ಥ್ರೈಟಿಸ್, ಅದೇ ಕೀಲು ಊದಿಕೊಂಡು ನೋಯುವ ಕಾಯಿಲೆ. ಬೆಳಿಗ್ಗೆ ಎದ್ದರೆ ಕಾಫಿ ಲೋಟ ಎರಡೂ ಕೈಯಲ್ಲಿ ಹಿಡಿಯಬೇಕು, ಬೆರಳು ಅಷ್ಟು ಬಿಗಿ. ಅದಕ್ಕೆ ವಾರಕ್ಕೊಂದು ದಿನ ಮೆಥೋಟ್ರೆಕ್ಸೇಟ್ ಅನ್ನೋ ಔಷಧಿ ತಗೊಳ್ಳುತ್ತಾರೆ. ಮೊನ್ನೆಯ ರಿಪೋರ್ಟಲ್ಲಿ ಆಂಟಿ-ಸಿಸಿಪಿ (ಈ ಕಾಯಿಲೆಯ ಆ್ಯಂಟಿಬಾಡಿ ನೋಡುವ ರಕ್ತಪರೀಕ್ಷೆ) 340, ಪಕ್ಕದಲ್ಲಿ 20ರ ಒಳಗಿರಬೇಕು ಅಂತಿದೆ. ಅಂಥದ್ದೇ ಇನ್ನೊಂದು ಟೆಸ್ಟ್ ಆರ್‌ಎ ಫ್ಯಾಕ್ಟರೂ ಪಾಸಿಟಿವ್. ಡಾಕ್ಟರು "ಹಾರ್ಟ್ ಕಡೆನೂ ನಿಗಾ ಇರಲಿ" ಅಂದವರೇ ಮುಂದಿನ ಪೇಷೆಂಟನ್ನು ಕರೆದರು. ಕೊಲೆಸ್ಟ್ರಾಲ್ ನಾರ್ಮಲ್ ಇದೆ, ಹಾಗಿದ್ದಮೇಲೆ ಕೀಲಿಗೂ ಹೃದಯಕ್ಕೂ ಏನು ಸಂಬಂಧ?

ಹಳೇಪೇಷೆಂಟ್: ನನಗೆ ಈ ಕಾಯಿಲೆ ಬಂದು 14 ವರ್ಷ, ಹಾಗಾಗಿ ಸ್ವಲ್ಪ ಓದಿಕೊಂಡಿದ್ದೀನಿ. ಇದು ಬರೀ ಕೀಲಿನ ಕಾಯಿಲೆ ಅಲ್ಲ. ಉರಿಯೂತ ಮೈಯೆಲ್ಲಾ ಇರುತ್ತೆ, ರಕ್ತನಾಳದ ಒಳಗೋಡೆಗೂ ತಟ್ಟುತ್ತೆ, ಅಲ್ಲಿ ಕೊಬ್ಬು ಕೂರೋದು ಸುಲಭ ಆಗುತ್ತೆ. ಈ ಕಾಯಿಲೆ ಇಲ್ಲದವರಿಗೆ ಹೋಲಿಸಿದರೆ ಹೃದಯದ ರಿಸ್ಕ್ ಸುಮಾರು ಒಂದೂವರೆ ಪಟ್ಟು ಅಂತ ಲೆಕ್ಕ. ಯುರೋಪಿನ ರುಮಟಾಲಜಿ ಸಂಘ ಯೂಲಾರ್ ಮೊದಲು ಏನು ಹೇಳಿತ್ತು ಅಂದರೆ, ಕಾಯಿಲೆಗೆ ಹತ್ತು ವರ್ಷ ದಾಟಿರೋದು, ಆರ್‌ಎ ಫ್ಯಾಕ್ಟರ್ ಅಥವಾ ಆಂಟಿ-ಸಿಸಿಪಿ ಪಾಸಿಟಿವ್ ಇರೋದು, ಕೀಲು ಬಿಟ್ಟು ಬೇರೆ ಕಡೆನೂ ಕಾಯಿಲೆ ಕಾಣಿಸಿರೋದು, ಈ ಮೂರರಲ್ಲಿ ಎರಡಿದ್ದರೆ ರಿಸ್ಕ್ ಸ್ಕೋರನ್ನು (ಹೃದಯದ ಕಾಯಿಲೆ ಬರೋ ಸಾಧ್ಯತೆಯ ಲೆಕ್ಕ) 1.5ರಿಂದ ಗುಣಿಸಿ ಅಂತ. ಆಮೇಲೆ ಆ ಷರತ್ತೇ ಬೇಡ, ಈ ಕಾಯಿಲೆ ಇರೋ ಎಲ್ಲರಿಗೂ ಗುಣಿಸಿ ಅಂದರು. ಅಂದರೆ ಆ್ಯಂಟಿಬಾಡಿ ನೆಗೆಟಿವ್ ಅಂತ ಯಾರೂ ನಿಶ್ಚಿಂತೆಯಾಗಿ ಕೂರೋ ಹಾಗಿಲ್ಲ.

340 ನೋಡಿ ಗಾಬರಿ ಬೇಡ. ಅದು ಹಾರ್ಟ್ ಮೀಟರ್ ಅಲ್ಲ. ಮತ್ತೆ ಮತ್ತೆ ಆಂಟಿ-ಸಿಸಿಪಿ ಮಾಡಿಸೋದು ನನ್ನ ಪ್ರಕಾರ ದುಡ್ಡು ದಂಡ. ಕಾಯಿಲೆ ಹಿಡಿತದಲ್ಲಿದೆಯಾ ಅಂತ ನೋಡೋಕೆ ಉರಿಯೂತ ಎಷ್ಟಿದೆ ಅಂತ ತೋರಿಸೋ ರಕ್ತಪರೀಕ್ಷೆಗಳಾದ ಸಿಆರ್‌ಪಿ, ಇಎಸ್‌ಆರ್, ಜೊತೆಗೆ ಊದಿಕೊಂಡ ಕೀಲಿನ ಲೆಕ್ಕ ಸಾಕು.

ಮಾತ್ರೆಅಂಗಡಿ: ಕೊಲೆಸ್ಟ್ರಾಲ್ ನಾರ್ಮಲ್ ಅನ್ನೋದನ್ನ ಪೂರ್ತಿ ನಂಬಬೇಡಿ. ಉರಿಯೂತ ಜೋರಾಗಿದ್ದಾಗ ಕೊಲೆಸ್ಟ್ರಾಲ್ ಇಳಿಯುತ್ತೆ, ರಿಸ್ಕ್ ಮಾತ್ರ ಜಾಸ್ತಿನೇ ಇರುತ್ತೆ. ವಿಚಿತ್ರ ಅಲ್ವಾ? ಕಾಯಿಲೆ ತಣ್ಣಗಿದ್ದಾಗ ಇನ್ನೊಂದು ಸಲ ಮಾಡಿಸಿ. ಬಿಪಿ, ಶುಗರ್ ಸಹ ನೋಡಿಸಿ. ಇನ್ನೊಂದು ಮಾತು, ಅಮ್ಮ ನೋವಿನ ಮಾತ್ರೆ ಎಷ್ಟು ನುಂಗುತ್ತಾರೆ? ಡೈಕ್ಲೋಫೆನಾಕ್, ಎಟೋರಿಕಾಕ್ಸಿಬ್ ದಿನಾ ತಗೊಂಡರೆ ಹೃದಯಕ್ಕೆ ಒಳ್ಳೇದಲ್ಲ, ಸ್ಟೆರಾಯ್ಡೂ ಅಷ್ಟೇ. ಚೀಟಿ ಇಲ್ಲದೆ ಬಂದು ಕೇಳೋರು ನನ್ನ ಕೌಂಟರಲ್ಲೇ ದಿನಕ್ಕೆ ನಾಲ್ಕೈದು ಜನ. ಹಾಗಂತ ಡಾಕ್ಟರನ್ನು ಕೇಳದೆ ಸ್ಟೆರಾಯ್ಡ್ ಮಾತ್ರೆ ದಿಢೀರ್ ಅಂತ ನಿಲ್ಲಿಸಬೇಡಿ.

ತುಂಗಾತೀರ: ನೋವಿನ ಮಾತ್ರೆ ಇಲ್ವೇ ಇಲ್ಲ ಅಂತ ಬರೆಯೋಕೆ ಕೂತಿದ್ದೆ. ಯಾವುದಕ್ಕೂ ಇರಲಿ ಅಂತ ಅಡುಗೆಮನೆ ನೋಡಿದೆ. ಸಾಸಿವೆ ಡಬ್ಬಿ ಹಿಂದೆ ಡೈಕ್ಲೋಫೆನಾಕ್ ಸ್ಟ್ರಿಪ್, ಹತ್ತರಲ್ಲಿ ಮೂರು ಉಳಿದಿವೆ. ಕೇಳಿದರೆ "ಸುಮ್ನೆ ಕಣೋ, ಮದುವೆಮನೆ ಓಡಾಟ ಇತ್ತಲ್ಲ" ಅಂತಾರೆ. ಮದುವೆ ಆಗಿ ಎರಡು ತಿಂಗಳಾಯ್ತು. ಸೋಮವಾರ ಸ್ಟ್ರಿಪ್ ಸಮೇತ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗ್ತೀನಿ.