ರಿಕ್ವೈರ್ಸ್ ಹಾಕಿದ ಫ್ರೆಂಡ್ ಫಂಕ್ಷನ್: ಬಾಡಿ ಕ್ಲಾಸಿನ ಹೊರಗೆ ಬರೆದರೆ ಎರರ್ ಯಾಕೆ?

ಪ್ರಶ್ನೆ: ಮೇಡಂ, ಸಿ++20ರಲ್ಲಿ ಪೆಟ್ಟಿಗೆ<ಟಿ> ಅಂತ ಒಂದು ಕ್ಲಾಸ್ ಟೆಂಪ್ಲೇಟ್ ಬರೆದಿದ್ದೇನೆ. ಎರಡು ಪೆಟ್ಟಿಗೆಗಳನ್ನು ಹೋಲಿಸಲು ==ಅನ್ನು ಫ್ರೆಂಡ್ (ಮೆಂಬರ್ ಅಲ್ಲದಿದ್ದರೂ ಕ್ಲಾಸಿನ ಪ್ರೈವೇಟ್ ಭಾಗ ಮುಟ್ಟಬಲ್ಲ ಫಂಕ್ಷನ್) ಮಾಡಿ, ‘ಟಿಗೆ == ಇದ್ದರೆ ಮಾತ್ರ’ ಅಂತ ರಿಕ್ವೈರ್ಸ್ ಷರತ್ತು ಸೇರಿಸಿದೆ. ಬಾಡಿಯನ್ನು ಕ್ಲಾಸಿನ ಕೆಳಗೆ ಟೆಂಪ್ಲೇಟ್ ಆಗಿ ಬರೆದೆ. ಇಂಥ ಫ್ರೆಂಡ್ ಡೆಫಿನಿಷನ್ನೇ (ಅಂದರೆ ಬಾಡಿ ಸಮೇತ) ಆಗಿರಬೇಕು ಅಂತ ಕ್ಲ್ಯಾಂಗ್ ಕಂಪೈಲರ್ ಎರರ್ ಕೊಡುತ್ತಿದೆ. ಎರಡೂ ಕಡೆ ರಿಕ್ವೈರ್ಸ್ ತೆಗೆದರೆ ಕಂಪೈಲ್ ಆಗುತ್ತದೆ, ಆದರೆ ಲಿಂಕರ್ ‘ಫಂಕ್ಷನ್ ಸಿಗಲಿಲ್ಲ’ ಅನ್ನುತ್ತದೆ. ತಲೆ ಕೆಟ್ಟುಹೋಗಿದೆ.

ಉತ್ತರ: ಲಿಂಕರ್ ಹೇಳಿದ್ದನ್ನೇ ಮೊದಲು ನೋಡೋಣ, ಗುಟ್ಟು ಅಲ್ಲೇ ಇದೆ. ಕ್ಲಾಸಿನೊಳಗೆ ನೀವು ಬರೆದ ಫ್ರೆಂಡ್ ಟೆಂಪ್ಲೇಟ್ ಅಲ್ಲ. ಪೆಟ್ಟಿಗೆ<ಇಂಟ್> ಹುಟ್ಟಿದಾಗ ಅದರ ಜೊತೆಗೆ ಒಂದು ಸಾದಾ ಫಂಕ್ಷನ್ ಡಿಕ್ಲೇರ್ ಆಗುತ್ತದೆ. ಕೆಳಗೆ ಬರೆದದ್ದು ಟೆಂಪ್ಲೇಟ್. ಹೆಸರು ಒಂದೇ, ಫಂಕ್ಷನ್ ಬೇರೆ. ಕರೆದಾಗ ಕಂಪೈಲರ್ ಸಾದಾ ಫಂಕ್ಷನ್ನನ್ನೇ ಆರಿಸುತ್ತದೆ, ಅದಕ್ಕೆ ಬಾಡಿಯೇ ಇಲ್ಲ. ಜಿಸಿಸಿ ಕಂಪೈಲರ್ ಇದಕ್ಕೆ ವಾರ್ನಿಂಗ್ ಕೊಡುತ್ತದೆ, ದಯವಿಟ್ಟು ಅದನ್ನು ಆಫ್ ಮಾಡಬೇಡಿ.

ಈಗ ರಿಕ್ವೈರ್ಸ್ ವಿಷಯ. ಆ ಷರತ್ತಿನಲ್ಲಿ ಟಿ ಇದೆ. ಕ್ಲಾಸಿನ ಹೊರಗೆ ಬಂದರೆ ಆ ಟಿಯೇ ಇಲ್ಲ. ಹಾಗಾದರೆ ಹೊರಗಿನ ಯಾವ ಫಂಕ್ಷನ್ ಒಳಗಿನ ಯಾವುದಕ್ಕೆ ಜೋಡಿ ಅಂತ ಕಂಪೈಲರ್ ಹೇಗೆ ತೀರ್ಮಾನಿಸಬೇಕು? ಅದಕ್ಕೇ ಸ್ಟ್ಯಾಂಡರ್ಡ್ ಖಡಾಖಂಡಿತವಾಗಿ ಹೇಳಿಬಿಟ್ಟಿದೆ: ಬಾಡಿ ಅಲ್ಲೇ ಇರಬೇಕು, ಮತ್ತು ಈ ಫಂಕ್ಷನ್ ಬೇರೆ ಯಾವ ಸ್ಕೋಪಿನ ಫಂಕ್ಷನ್ನಿನ ಜೊತೆಗೂ ಒಂದೇ ಅಂತ ಲೆಕ್ಕವಾಗುವುದಿಲ್ಲ. ಪೆಟ್ಟಿಗೆ<ಇಂಟ್>ನದು ಅದರದ್ದೇ, ಪೆಟ್ಟಿಗೆ<ಡಬಲ್>ನದು ಅದರದ್ದೇ. ಇಟೇನಿಯಂ ಎಬಿಐನಲ್ಲಿ (ಜಿಸಿಸಿ, ಕ್ಲ್ಯಾಂಗ್ ಬಳಸುವ ಬೈನರಿ ನಿಯಮಗಳು) ಇಂಥ ಫ್ರೆಂಡ್‌ನ ಮ್ಯಾಂಗಲ್ ಮಾಡಿದ, ಅಂದರೆ ಲಿಂಕರಿಗಾಗಿ ಕಂಪೈಲರ್ ಕಟ್ಟಿದ, ಹೆಸರಿಗೆ ‘ಎಫ್’ ಅಂತ ಒಂದು ಅಕ್ಷರವನ್ನೇ ಸೇರಿಸುತ್ತಾರೆ. ಈ ಫ್ರೆಂಡ್ ಮೆಂಬರ್ ಅಲ್ಲ, ದಿಸ್ ಪಾಯಿಂಟರ್ ಸಿಗುವುದಿಲ್ಲ. ಆದರೂ ಹೆಚ್ಚುಕಡಿಮೆ ಮೆಂಬರ್ ಥರ ಆ ಕ್ಲಾಸಿಗೆ ಅಂಟಿಕೊಂಡಿರುತ್ತದೆ.

ಬಾಡಿಯನ್ನು ಒಳಗೆ ತನ್ನಿ, ಒಂದು ಸಾಲಿನ ಕೆಲಸ ಅಲ್ವಾ.

ಪ್ರಶ್ನೆ: ಒಳಗೆ ತಂದೆ, ಸರಿಹೋಯಿತು, ಥ್ಯಾಂಕ್ಸ್ ಮೇಡಂ. ಆದರೆ == ಇಲ್ಲದ ಒಂದು ಸ್ಟ್ರಕ್ಟ್ ಹಾಕಿ ಪೆಟ್ಟಿಗೆ ಮಾಡಿದರೂ ಎರರ್ ಬರಲಿಲ್ಲ! ಷರತ್ತು ಕೆಲಸ ಮಾಡುತ್ತಿದೆಯಾ?

ಉತ್ತರ: ಮಾಡುತ್ತಿದೆ. ನನಗೆ ಈ ಫೀಚರಿನಲ್ಲಿ ತುಂಬಾ ಇಷ್ಟವಾದದ್ದೇ ಇದು. ಕ್ಲಾಸ್ ಹುಟ್ಟುವಾಗ ಕಂಪೈಲರ್ ಫಂಕ್ಷನ್ನಿನ ಟೈಪನ್ನು ಮಾತ್ರ ತುಂಬುತ್ತದೆ, ಷರತ್ತನ್ನು ಮುಟ್ಟದೆ ಹಾಗೇ ಎತ್ತಿಡುತ್ತದೆ. ನೀವು ಎರಡು ಪೆಟ್ಟಿಗೆಗಳ ನಡುವೆ == ಬರೆದ ಕ್ಷಣ, ಓವರ್‌ಲೋಡ್ ಆರಿಸುವಾಗ ಅದನ್ನು ಪರೀಕ್ಷೆ ಮಾಡುತ್ತದೆ. ಪಾಸಾಗದಿದ್ದರೆ ಆ ಫಂಕ್ಷನ್ನನ್ನು ಲೆಕ್ಕದಿಂದ ಬಿಡುತ್ತದೆ. ನಿಮ್ಮ ಸ್ಟ್ರಕ್ಟ್ ಪೆಟ್ಟಿಗೆಗಳನ್ನು ಒಮ್ಮೆ ಹೋಲಿಸಿ ನೋಡಿ. ಹೊಂದುವ == ಇಲ್ಲ ಅಂತ ಬರುತ್ತದೆ. ಅಲ್ಲಿಗೇ ನಿಲ್ಲಬೇಡಿ, ಕೆಳಗಿನ ನೋಟ್ ಸಾಲುಗಳನ್ನೂ ಓದಿ. ಯಾವ ಷರತ್ತು ಬಿದ್ದುಹೋಯಿತು ಅಂತ ಅಲ್ಲೇ ಇರುತ್ತದೆ.

ಇನ್ನೊಬ್ಬ ಸದಸ್ಯ: ನಾನು ಇದನ್ನೇ ರಿಟರ್ನ್ ಟೈಪಿನಲ್ಲಿ ಎನೇಬಲ್-ಇಫ್ (ಷರತ್ತು ನಿಜವಾದರೆ ಮಾತ್ರ ಟೈಪ್ ಕೊಡುವ ಹಳೆಯ ಸಾಧನ) ಹಾಕಿ ಮಾಡಿದ್ದೆ. ಪೆಟ್ಟಿಗೆ ಮಾಡಿದ ಕೂಡಲೇ ಎರರ್.

ಉತ್ತರ: ಹೌದು, ಆಗಲೇಬೇಕು. ರಿಟರ್ನ್ ಟೈಪ್ ಅಂದರೆ ಡಿಕ್ಲರೇಷನ್ನಿನ ಭಾಗ. ಕ್ಲಾಸ್ ಜೊತೆಗೇ ತುಂಬುವುದರಿಂದ ಅಲ್ಲಿ ಸೋತರೆ ಸುಮ್ನೆ ಬಿಡುವ ಮಾತಿಲ್ಲ, ನೇರ ಎರರ್. ಫ್ರೆಂಡ್‌ಗೇ ಬೇರೆ ಟೆಂಪ್ಲೇಟ್ ಪ್ಯಾರಾಮೀಟರ್ ಕೊಟ್ಟು, ಎನೇಬಲ್-ಇಫ್ ಅದರ ಮೇಲೆ ನಿಂತಿದ್ದರೆ ಮಾತು ಬೇರೆ. ಸಿ++20 ಸಿಗದ ಪ್ರಾಜೆಕ್ಟ್ ಆದರೆ ಆ ದಾರಿ ಹಿಡಿಯಿರಿ. ಸಿಕ್ಕರೆ ರಿಕ್ವೈರ್ಸ್ ಬರೆಯಿರಿ.